ಮುಪ್ಪಿನ ಮೈಗಾವಲು

2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ನಮ್ಮ ಕಲಬುರಗಿಯ ಹೆಸರು ದೇಶದ ಎಲ್ಲ ವೃತ್ತಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ಆ ತಿಂಗಳ 10ನೆಯ ತಾರೀಖು ತೀರಿಕೊಂಡ, ಆ ಊರಿನ 76 ವರ್ಷದ ಹಿರಿಯರೊಬ್ಬರ ಸಾವಿಗೆ ಕೋವಿಡ್ ಬೇನೆಯೇ ಕಾರಣವೆಂದು 12ನೆಯ ತಾರೀಖು ಖಚಿತವಾಯಿತು. ಭಾರತದಲ್ಲಿ ಆ ಬೇನೆಯಿಂದ ಮಡಿದರೆಂದು ದಾಖಲಾದವರಲ್ಲಿ ಅವರೇ ಮೊದಲಿಗರು. ಆಗ ಆಳಂದ ತಾಲ್ಲೂಕಿನ ಊರೂರುಗಳಲ್ಲಿ, ಗಡಿಯಂಚಿನ ನಮ್ಮ ಖಜೂರಿಯಲ್ಲಿ ಕೂಡ, ಒಂದು ಮಾತು ಹರಡಿತು: ಇದು ಮುದುಕರನ್ನು ಹುಡುಕಿಕೊಂಡು ಬರುವ ಬೇನೆ.

ಒಬ್ಬರ ಸಾವಿನಿಂದ ಯಾವ ನಿಯಮವನ್ನೂ ಕಟ್ಟಲಾಗದು. ಇದು ವಿಜ್ಞಾನದ ವಿದ್ಯಾರ್ಥಿಗಳು ಮೊದಲು ಕಲಿಯತಕ್ಕ ಪಾಠ. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ಹಲವು ದೇಶಗಳ ಲೆಕ್ಕಗಳನ್ನು ಒಟ್ಟುಗೂಡಿಸಿ ನೋಡಿದ ಶಾಸ್ತ್ರಜ್ಞರಿಗೆ ಜನರ ಮಾತು ಸುಳ್ಳಲ್ಲವೆಂದು ಕಂಡುಬಂದಿತು. ಲಸಿಕೆ ಬರುವುದಕ್ಕೆ ಮೊದಲಿನ ಆ ದಿನಗಳಲ್ಲಿ, ಸೋಂಕು ತಗಲಿದ 25 ವರ್ಷದವರಲ್ಲಿ ಹತ್ತು ಸಾವಿರಕ್ಕೆ ಒಬ್ಬರು ಸಾಯುತ್ತಿದ್ದರು, 55 ವರ್ಷದವರಲ್ಲಿ ಸಾವಿರಕ್ಕೆ ನಾಲ್ವರು, 65ರಲ್ಲಿ ಸಾವಿರಕ್ಕೆ ಹದಿನಾಲ್ವರು, 75ರಲ್ಲಿ 46, 85ರಲ್ಲಿ 150. ಈ ಅಂಕಿಗಳನ್ನು ಲಾಗರಿದಮ್ ಗೆರೆಗಳ ಕಾಗದದ ಮೇಲೆ ಗುರುತಿಸಿ ನೋಡಿರಿ. ಬಿಂದುಗಳು ಹೆಚ್ಚುಕಡಮೆ ಒಂದೇ ಸರಳರೇಖೆಯ ಮೇಲೆ ಕೂಡುತ್ತವೆ. ಅಂದರೆ ಸುಮಾರು ಆರು ವರ್ಷಗಳಿಗೊಮ್ಮೆ ಅಪಾಯವು ಇಮ್ಮಡಿಯಾಗುತ್ತ ಹೋಗುತ್ತದೆ. ವಿಷಾಣು ಒಂದೇ, ಗಾಳಿ ಒಂದೇ, ಮನೆಯೂ ಒಂದೇ ಇರಬಹುದು. ಆದರೂ ಮೊಮ್ಮಗನಿಗೆ ಎರಡು ದಿನದ ನೆಗಡಿಯಾಗುವುದು ಅಜ್ಜನಿಗೆ ಪ್ರಾಣಾಂತಿಕವಾಗುತ್ತದೆ. ಆದುದರಿಂದಲೇ 2021ರ ಮಾರ್ಚ್ 1ರಿಂದ ಸಾಮಾನ್ಯ ಜನರಿಗೆ ಲಸಿಕೆ ಕೊಡಲಾರಂಭಿಸಿದಾಗ, ಅರವತ್ತು ದಾಟಿದವರಿಗೂ ನಲವತ್ತೈದು ದಾಟಿದ ರೋಗಿಗಳಿಗೂ ಮೊದಲ ಸರದಿ ದೊರೆಯಿತು.

ಹೀಗೇಕಾಗುತ್ತದೆ? ‘ವಯಸ್ಸಾದಂತೆ ಶಕ್ತಿ ಕುಂದುತ್ತದೆ, ಅಷ್ಟೆ’ ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಈ ಉತ್ತರ ಅರ್ಧ ಮಾತ್ರ ನಿಜ. ಮುಪ್ಪಿನಲ್ಲಿ ದೇಹದ ಕಾವಲು ಬರಿಯ ದುರ್ಬಲವಾಗುವುದೇ ಆಗಿದ್ದರೆ, ಹಳೆಯ ಬೇನೆಗಳನ್ನು ಮುದುಕರು ಅಷ್ಟು ಚೆನ್ನಾಗಿ ತಡೆದುಕೊಳ್ಳುತ್ತಿರಲಿಲ್ಲ. ಕಾವಲಿನವರೇ ಮನೆಯವರ ಮೇಲೆ ಕೈಮಾಡುವಂಥ ರೋಗಗಳು ಮುಪ್ಪಿನಲ್ಲಿ ತಲೆದೋರುತ್ತಲೂ ಇರಲಿಲ್ಲ. ಈ ಎರಡೂ ಸಂಗತಿಗಳನ್ನು ಜೊತೆಯಾಗಿ ಇಟ್ಟುಕೊಂಡು ನೋಡಿದರೆ ವಿಷಯ ಸ್ವಾರಸ್ಯವಾಗುತ್ತದೆ.

ಮೊದಲು ನೆನಪಿನ ಮಾತು. ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿ ಫೇರೋ ಎಂಬ ದ್ವೀಪಸಮೂಹವುಂಟು. ಅಲ್ಲಿಗೆ 1781ರಲ್ಲಿ ದಡಾರ, ನಮ್ಮ ಕಡೆಯವರು ಗೊಬ್ಬರವೆನ್ನುವ ಬೇನೆ, ಬಂದು ಹೋಗಿತ್ತು. ಅನಂತರ 65 ವರ್ಷ ಅದರ ಸುಳಿವೇ ಇರಲಿಲ್ಲ. 1846ರಲ್ಲಿ ಅದು ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000ಕ್ಕೂ ಮಿಕ್ಕಿ ಜನ ಮಲಗಿದರು. ಡೆನ್ಮಾರ್ಕ್ ಸರ್ಕಾರ ಕಳುಹಿಸಿದ ಪೀಟರ್ ಪಾನುಮ್ ಎಂಬ ತರುಣ ವೈದ್ಯನು ಮನೆಮನೆ ತಿರುಗಿ ವಿಚಾರಿಸಿದನು. ಎಳೆಯತನದಲ್ಲಿ, ಅಂದರೆ 1781ರಲ್ಲಿ, ಬೇನೆ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಎರಡನೆಯ ಸಲ ತಗಲಿರಲಿಲ್ಲ! ದೇಹವು 65 ವರ್ಷ ಹಗೆಯ ಮುಖವನ್ನು ಮರೆತಿರಲಿಲ್ಲ. ಇಂಥದೇ ಇನ್ನೊಂದು ಸಂಗತಿ 2008ರಲ್ಲಿ ಪ್ರಕಟವಾಯಿತು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯನ್ನು ಮಕ್ಕಳಾಗಿದ್ದಾಗ ಕಂಡು, ತೊಂಬತ್ತು ದಾಟಿ ಬದುಕಿದ್ದವರ ರಕ್ತದಲ್ಲಿ ಆ ವಿಷಾಣುವನ್ನು ಕಟ್ಟಿಹಾಕುವ ಪ್ರತಿಕಾಯಗಳು ಇನ್ನೂ ದೊರೆತವು. 2009ರ ಹಂದಿಜ್ವರವೂ ಮುದುಕರಿಗಿಂತ ತರುಣರನ್ನೇ ಹೆಚ್ಚಾಗಿ ಹಿಡಿಯಿತು. ಅದನ್ನು ಹೋಲುವ ಹಳೆಯ ವಿಷಾಣುಗಳನ್ನು ಮುದುಕರ ದೇಹ ಮೊದಲೇ ಕಂಡಿತ್ತು.

ಹಾಗಾದರೆ ಮುಪ್ಪಿನಲ್ಲಿ ಕಳೆದುಹೋಗುವುದು ಯಾವುದು? ಇದನ್ನು ತಿಳಿಯಲು ಕಾವಲಿನ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು.

ದೇಹದೊಳಕ್ಕೆ ರೋಗಾಣು ನುಗ್ಗಿದೊಡನೆ ಓಡಿಬರುವವು ಬಿಳಿಯ ರಕ್ತಕಣಗಳು. 1882ರಲ್ಲಿ ರಷ್ಯದ ಎಲೀ ಮೆಚ್ನಿಕಾಫ್ ಎಂಬ ವಿಜ್ಞಾನಿ ಇಟಲಿಯ ಮೆಸ್ಸೀನಾ ಪಟ್ಟಣದಲ್ಲಿದ್ದಾಗ, ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿ ನೋಡಿದನು. ಮರುದಿನ ಮುಳ್ಳಿನ ಸುತ್ತಲೂ ಕಣಗಳು ಮುತ್ತಿಕೊಂಡಿದ್ದವು. ಭಕ್ಷಕಕಣಗಳ ಕತೆ ಅಲ್ಲಿಂದ ಆರಂಭವಾಯಿತು. (ಕಣವೆಂದರೆ ಇಲ್ಲಿ ಜೀವಕಣ. ನನ್ನ ಭೌತಶಾಸ್ತ್ರದ ವಿದ್ಯಾರ್ಥಿಗಳು ಎಲೆಕ್ಟ್ರಾನನ್ನು ನೆನೆಯಬಾರದು.) ಇವುಗಳಲ್ಲಿ ನ್ಯೂಟ್ರೊಫಿಲ್ ಎಂಬ ಕಣವೇ ಮುಂಚೂಣಿಯದು. ಮುದುಕರ ನ್ಯೂಟ್ರೊಫಿಲ್ ನಿಧಾನವಾಗಿ ನಡೆಯುವುದೆಂದು ನೀವು ಊಹಿಸಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೇರೆಯೇ ಕಂಡಿತು. ಆರೋಗ್ಯವಂತ ವೃದ್ಧರ ಕಣಗಳು ತರುಣರ ಕಣಗಳಷ್ಟೇ ಬಿರುಸಾಗಿ ಓಡುತ್ತಿದ್ದವು. ಆದರೆ ಗುರಿಯತ್ತ ನೇರವಾಗಿ ಹೋಗದೆ ಅಡ್ಡಾಡುತ್ತಿದ್ದವು. ಜವ ಮತ್ತು ವೇಗಗಳ ಭೇದವನ್ನು ಪಾಠ ಹೇಳುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. ಜವ ಉಳಿದಿದೆ, ದಿಕ್ಕು ತಪ್ಪಿದೆ. ಹೀಗೆ ಅಲೆಯುವ ಕಣವು ತನ್ನಲ್ಲಿರುವ, ಮಾಂಸವನ್ನು ಕರಗಿಸುವ ಕಿಣ್ವಗಳನ್ನು ದಾರಿಯುದ್ದಕ್ಕೂ ಚೆಲ್ಲುತ್ತ ಹೋಗುತ್ತದೆ. ರೋಗಾಣು ಸಾಯುವುದು ತಡವಾಗುತ್ತದೆ, ಶ್ವಾಸಕೋಶಕ್ಕೆ ಗಾಯವಾಗುತ್ತದೆ. ಕುಂದುವುದೂ ಕೆಡಿಸುವುದೂ ಒಂದೇ ದೋಷದ ಎರಡು ಮುಖಗಳೆಂಬುದು ಇಲ್ಲಿಯೇ ಗೋಚರವಾಗುತ್ತದೆ.

ಎರಡನೆಯ ಸಾಲಿನಲ್ಲಿರುವವು ಲಿಂಫೋಸೈಟ್ ಎಂಬ ದುಗ್ಧಕಣಗಳು. ಇವುಗಳಲ್ಲಿ ಬಿ-ಕಣ, ಟಿ-ಕಣ ಎಂದು ಎರಡು ಪಂಗಡ. ಬಿ-ಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ-ಕಣಗಳಲ್ಲಿ ಕೆಲವು ಸೋಂಕು ತಗಲಿದ ಜೀವಕಣವನ್ನು ಕೊಲ್ಲುತ್ತವೆ, ಕೆಲವು ಉಳಿದವಕ್ಕೆ ಆಜ್ಞೆ ಕೊಡುತ್ತವೆ. ಪ್ರತಿಯೊಂದು ದುಗ್ಧಕಣದ ಮೈಮೇಲೂ ಒಂದು ಬಗೆಯ ಗ್ರಾಹಕವಿರುತ್ತದೆ. ಅದನ್ನು ಬೀಗದ ಕೈಯೆಂದು ತಿಳಿಯಿರಿ. ಯಾವ ಬೀಗ ಬರುವುದೋ ದೇಹಕ್ಕೆ ಮೊದಲೇ ಗೊತ್ತಿಲ್ಲ. ಆದುದರಿಂದ ಅದು ಜೀನ್ ತುಣುಕುಗಳನ್ನು ಪಗಡೆಯ ದಾಳದಂತೆ ಕಲಸಿ ಕೋಟಿಗಟ್ಟಲೆ ಬಗೆಯ ಕೈಗಳನ್ನು ಕುರುಡಾಗಿ ಮಾಡಿಡುತ್ತದೆ. ಈ ರಹಸ್ಯವನ್ನು ಬಿಡಿಸಿದುದಕ್ಕಾಗಿ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಪಾರಿತೋಷಕ ದೊರೆಯಿತು.

ಕುರುಡಾಗಿ ಮಾಡಿದ ಕೈಗಳಲ್ಲಿ ನಮ್ಮ ಮನೆಯ ಬೀಗಕ್ಕೇ ಹೊಂದುವಂಥವೂ ಇರುತ್ತವೆಯಷ್ಟೆ! ಅವನ್ನು ಆರಿಸಿ ತೆಗೆಯುವ ಸ್ಥಳವೇ ಥೈಮಸ್ ಗ್ರಂಥಿ. ಅದು ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಗಡೆ ಇರುವ ಒಂದು ಮೃದುವಾದ ಗಡ್ಡೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಟಿ-ಕಣಗಳ ಮರಿಗಳು ಇಲ್ಲಿಗೆ ಬಂದು ಪರೀಕ್ಷೆಗೆ ಕೂಡುತ್ತವೆ. ಏನನ್ನೂ ಗುರುತಿಸದ ಕಣ ನಪಾಸು. ಸ್ವಂತ ದೇಹವನ್ನು ಬಲವಾಗಿ ಹಿಡಿಯುವ ಕಣವೂ ನಪಾಸು. ನಪಾಸಾದವಕ್ಕೆ ಮರುಪರೀಕ್ಷೆಯಿಲ್ಲ, ಮರಣವೇ ಗತಿ. ನೂರಕ್ಕೆ ಐದು ಕೂಡ ತೇರ್ಗಡೆಯಾಗುವುದಿಲ್ಲ. ಯಾವ ವಿಶ್ವವಿದ್ಯಾನಿಲಯವೂ ಇಷ್ಟು ಕಠಿಣವಾಗಿರಲಾರದು.

ಈ ಗ್ರಂಥಿಯ ಇತಿಹಾಸವೂ ವಿಚಿತ್ರವಾದುದು. ಬಹುಕಾಲ ಇದನ್ನು ಕೆಲಸಕ್ಕೆ ಬಾರದ ಅಂಗವೆಂದು ಬಗೆದಿದ್ದರು. ಹಸುಗೂಸುಗಳಲ್ಲಿ ಅದು ದೊಡ್ಡದಾಗಿ ಕಾಣುವುದು ರೋಗವೆಂದು ಭ್ರಮಿಸಿ, ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಸಾವಿರಾರು ಕೂಸುಗಳ ಎದೆಗೆ ಎಕ್ಸ್-ಕಿರಣ ಹಾಯಿಸಿ ಅದನ್ನು ಕುಗ್ಗಿಸಿದರು. ಅವರಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಬಂದಿತು. ಕಿರಣವನ್ನು ಕಂಡುಹಿಡಿದವರು ಭೌತವಿಜ್ಞಾನಿಗಳೇ ಆದುದರಿಂದ ಈ ಅಧ್ಯಾಯವನ್ನು ಓದುವಾಗ ನನಗೆ ಸಂಕೋಚವಾಗುತ್ತದೆ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಅವರು ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸನ್ನು ತೆಗೆದುಹಾಕಿ ನೋಡಿದರು. ಆ ಮರಿಗಳಲ್ಲಿ ದುಗ್ಧಕಣಗಳು ವಿರಳವಾದವು. ಅವು ಸೋಂಕಿಗೆ ಸುಲಭವಾಗಿ ಬಲಿಯಾದವು. ಬೇರೆ ಇಲಿಯ ಚರ್ಮವನ್ನು ಕಸಿಮಾಡಿದರೆ ತಿರಸ್ಕರಿಸಲೂ ಆರದೆ ಹೋದವು. ಟಿ-ಕಣದ ‘ಟಿ’ ಅಕ್ಷರ ಥೈಮಸಿನಿಂದಲೇ ಬಂದಿದೆ.

ಈಗ ನಮ್ಮ ಪ್ರಶ್ನೆಯ ತಿರುಳಿಗೆ ಬಂದೆವು. ದೇಹದ ಅಂಗಗಳಲ್ಲೆಲ್ಲ ಬಹು ಬೇಗನೆ ಮುಪ್ಪಾಗುವುದು ಥೈಮಸ್. ಯೌವನ ಕಾಲಿಡುವ ಹೊತ್ತಿಗೆ ಅದು ಕರಗತೊಡಗಿ, ಅದರ ಜಾಗವನ್ನು ಕೊಬ್ಬು ತುಂಬಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ಕೆಲವು ಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಗಣಿತದ ಲೆಕ್ಕದಂತೆ, ಹೊಸ ಟಿ-ಕಣಗಳ ಉತ್ಪತ್ತಿ ಸುಮಾರು 16 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. ವಿಕಿರಣಶೀಲ ಧಾತುಗಳ ಅರ್ಧಾಯುಷ್ಯವನ್ನು ಕಲಿತವರಿಗೆ ಇದರ ಪರಿಣಾಮ ಕೂಡಲೆ ಹೊಳೆಯುತ್ತದೆ. ಟ್ರಿಟಿಯಮ್ಮಿನ ಅರ್ಧಾಯುಷ್ಯ 12.3 ವರ್ಷ, ಇದು ಅದಕ್ಕೆ ತುಸು ಮೇಲೆ. ಇಪ್ಪತ್ತನೆಯ ವಯಸ್ಸಿನ ಉತ್ಪತ್ತಿಯನ್ನು ಒಂದೆಂದು ಹಿಡಿದರೆ, ಅದು 36ರಲ್ಲಿ ಅರ್ಧ, 52ರಲ್ಲಿ ಕಾಲು, 68ರಲ್ಲಿ ಅರೆಕಾಲು. 76ರಲ್ಲಿ ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಇದು ಸರಾಸರಿಯ ಲೆಕ್ಕ. ಯಾವ ಒಬ್ಬ ಮನುಷ್ಯನ ಹಣೆಬರಹವನ್ನೂ ಇದರಿಂದ ಓದಲಾಗದು. ಕೋವಿಡಿನ ಸಾವಿನ ಅಪಾಯ ಆರು ವರ್ಷಕ್ಕೇ ಇಮ್ಮಡಿಯಾಗುತ್ತಿದ್ದುದರಿಂದ ಥೈಮಸ್ಸೊಂದೇ ಕಾರಣವಲ್ಲವೆಂಬುದೂ ಸ್ಪಷ್ಟವೇ.

ಆದರೂ ಟಿ-ಕಣಗಳ ಒಟ್ಟು ಸಂಖ್ಯೆ ಮುಪ್ಪಿನಲ್ಲಿ ಅಷ್ಟೇನೂ ಇಳಿಯುವುದಿಲ್ಲ. ಹೊಸವು ಬಾರದಿದ್ದಾಗ ಇದ್ದವೇ ಇಬ್ಭಾಗವಾಗಿ ಸ್ಥಾನ ತುಂಬುತ್ತವೆ. ಗೊಂಚಲಿನ ತೂಕ ಹಾಗೆಯೇ ಇದೆ. ಆದರೆ ಒಂದೇ ಬಗೆಯ ಕೈಗಳ ಪಡಿಯಚ್ಚುಗಳು ಹೆಚ್ಚಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2014ರಲ್ಲಿ ಎಣಿಸಿದಂತೆ, ಇನ್ನೂ ಯಾವ ಹಗೆಯನ್ನೂ ಕಾಣದ ಟಿ-ಕಣಗಳಲ್ಲಿ ಗ್ರಾಹಕದ ಒಂದು ಸರಪಣಿಯದೇ ಆರರಿಂದ ಹನ್ನೆರಡು ಕೋಟಿ ಬಗೆಗಳು ತರುಣರಲ್ಲಿದ್ದರೆ, ವೃದ್ಧರಲ್ಲಿ ಅದರ ಅರ್ಧದಿಂದ ಐದನೆಯ ಒಂದು ಪಾಲಿನಷ್ಟು ಮಾತ್ರ ಇದ್ದವು. ಮೇಲಾಗಿ, ಬಹುತೇಕ ಭಾರತೀಯರ ಮೈಯಲ್ಲಿ ಬಾಲ್ಯದಿಂದಲೇ ಮಲಗಿರುವ ಸೈಟೊಮೆಗಲೊ ಎಂಬ ವಿಷಾಣುವಿನ ಕಾವಲಿಗೇ, ಕೆಲವು ವೃದ್ಧರಲ್ಲಿ ಕೊಲ್ಲುವ ಟಿ-ಕಣಗಳ ಕಾಲು ಭಾಗದಷ್ಟು ಮೀಸಲಾಗಿಬಿಡುತ್ತದೆ. ಹಳೆಯ ಬೀಗಗಳಿಗೆ ಕೈಗಳು ಧಾರಾಳವಾಗಿವೆ. ಹೊಸದೊಂದು ಬೀಗ ಬಂದರೆ ಹುಡುಕಬೇಕು. ಫೇರೋ ದ್ವೀಪದ ಮುದುಕರಿಗೆ ದಡಾರ ಹಳೆಯ ಬೀಗ; 2020ರ ಕೋವಿಡ್ ಎಲ್ಲರಿಗೂ ಹೊಸದು. ವ್ಯತ್ಯಾಸ ಇಷ್ಟೇ.

ನೆನಪು ಸಹ ಎಲ್ಲ ಬೇನೆಗಳ ವಿಷಯದಲ್ಲಿಯೂ ಗಟ್ಟಿಯಾಗಿರುತ್ತದೆಂದು ಹೇಳಲಾಗದು. ಇದಕ್ಕೆ ಸರ್ಪಸುತ್ತು ಸಾಕ್ಷಿ. ಬಾಲ್ಯದಲ್ಲಿ ಸೀತಾಳೆ ಸಿಡುಬು ತರುವ ವಿಷಾಣು ಗುಣವಾದ ಮೇಲೆ ದೇಹವನ್ನು ಬಿಟ್ಟುಹೋಗದೆ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕುಳಿತಿರುತ್ತದೆ. ಟಿ-ಕಣಗಳು ಅದನ್ನು ಹದ್ದಿನಲ್ಲಿ ಇಟ್ಟಿರುತ್ತವೆ. ಅವುಗಳ ಹಿಡಿತ ಸಡಿಲವಾದಾಗ ವಿಷಾಣು ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬಂದು, ಸೊಂಟದ ಅಥವಾ ಎದೆಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಗಳನ್ನೆಬ್ಬಿಸುತ್ತದೆ. ಇಂಗ್ಲೆಂಡಿನ ಸಣ್ಣ ಊರೊಂದರ ವೈದ್ಯರಾಗಿದ್ದ ಹೋಪ್-ಸಿಂಪ್ಸನ್ ಅವರು ತಮ್ಮ ರೋಗಿಗಳ ಹದಿನಾರು ವರ್ಷಗಳ ಲೆಕ್ಕವನ್ನಿಟ್ಟು 1965ರಲ್ಲಿ ಈ ವಾದವನ್ನು ಮಂಡಿಸಿದರು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ಸಾವಿರದಲ್ಲಿ ಒಬ್ಬರಿಗೂ ಬಾರದ ಈ ಬೇನೆ, ಎಂಬತ್ತು ದಾಟಿದವರಲ್ಲಿ ಸಾವಿರಕ್ಕೆ ಸುಮಾರು ಹತ್ತು ಜನರಿಗೆ ಬರುತ್ತಿತ್ತು. ಹಾವಿನ ತಲೆಬಾಲಗಳು ಕೂಡಿದರೆ ರೋಗಿ ಸಾಯುತ್ತಾನೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲುಂಟು. ನರವು ದೇಹದ ನಡುಗೆರೆಯನ್ನು ದಾಟುವುದಿಲ್ಲವಾದುದರಿಂದ ತಲೆಬಾಲಗಳು ಕೂಡುವುದು ತೀರ ಅಪರೂಪ. ಆ ಹಾವು ನಮ್ಮ ಕಲ್ಪನೆ. ಆದರೆ ಅದು ಬಿಟ್ಟುಹೋಗುವ ನರಬೇನೆ ತಿಂಗಳುಗಟ್ಟಲೆ ನಿದ್ದೆಗೆಡಿಸುವುದು ನಿಜ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಅಸೈಕ್ಲೊವಿರ್ ಜಾತಿಯ ಔಷಧವನ್ನು ಆರಂಭಿಸಿದರೆ ಹೆಚ್ಚಿನ ಗುಣ. ಮಂತ್ರ ಹಾಕಿಸುವುದರಲ್ಲಿ, ಕೆಮ್ಮಣ್ಣು ಬಳಿಯುವುದರಲ್ಲಿ ಕಳೆದುಹೋಗುವುದು ಆ ಮೂರು ದಿನಗಳೇ.

ಇನ್ನು ಎರಡನೆಯ ಸಂಗತಿ: ಕಾವಲಿನವರು ಮನೆಯವರ ಮೇಲೆ ತಿರುಗಿ ಬೀಳುವುದು. ಥೈಮಸಿನ ಪರೀಕ್ಷೆ ಎಷ್ಟು ಬಿಗಿಯಾಗಿದ್ದರೂ ಕೆಲವು ದ್ರೋಹಿ ಕಣಗಳು ನುಸುಳುತ್ತವೆ. ಅವನ್ನು ಅಂಕೆಯಲ್ಲಿಡಲು ನಿಯಂತ್ರಕ ಟಿ-ಕಣಗಳೆಂಬ ಬೇರೊಂದು ದಳವುಂಟು. ಜಪಾನಿನ ಶಿಮೊನ್ ಸಾಕಾಗುಚಿ ಅವರು 1995ರಲ್ಲಿ ಇವನ್ನು ಗುರುತಿಸಿದರು. ಅವರಿಗೂ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಅವರಿಗೂ 2025ರ ನೊಬೆಲ್ ಪಾರಿತೋಷಕ ಸಂದಿತು. ಮುಪ್ಪಿನಲ್ಲಿ ಈ ದಳದ ಸಂಖ್ಯೆ ಇಳಿಯದಿದ್ದರೂ ಅದರ ಸಮತೋಲನ ಕೆಡುತ್ತದೆ. ಬಿ-ಕಣಗಳಲ್ಲಿ ಸಹ ‘ವಯೋಸಂಬಂಧಿ’ ಎಂದೇ ಕರೆಯಲಾಗುವ ಒಂದು ಗುಂಪು ಬೆಳೆಯುತ್ತದೆ. 2011ರಲ್ಲಿ ಮುದಿ ಇಲಿಗಳಲ್ಲಿ ಕಂಡುಬಂದ ಇವು ಸ್ವಂತ ದೇಹದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಲ್ಲವು. ಇವೆಲ್ಲಕ್ಕೂ ಮಿಗಿಲಾಗಿ, ಮುದುಕರ ರಕ್ತದಲ್ಲಿ ಉರಿಯೂತವನ್ನು ಉಂಟುಮಾಡುವ ವಸ್ತುಗಳು ಯಾವ ಸೋಂಕೂ ಇಲ್ಲದಾಗಲೂ ಸ್ವಲ್ಪ ಏರಿರುತ್ತವೆ. ಬೂದಿ ಮುಚ್ಚಿದ ಕೆಂಡವೆನ್ನಬಹುದು. ಕೋವಿಡಿನಂಥ ಗಾಳಿ ಬೀಸಿದಾಗ ಅದು ಹೊತ್ತಿಕೊಳ್ಳುತ್ತದೆ.

ಸ್ವದೇಹವನ್ನು ಬಾಧಿಸುವ ರೋಗಗಳೆಲ್ಲ ಮುದುಕರವೇ ಎಂದು ಮಾತ್ರ ತಿಳಿಯಬಾರದು. ಲ್ಯೂಪಸ್ ಎಂಬ ರೋಗ ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳನ್ನೇ ಹಿಡಿಯುತ್ತದೆ. ದೈತ್ಯಕಣಗಳ ಧಮನಿಯೂತವಾದರೋ ಐವತ್ತರೊಳಗಿನವರಿಗೆ ಬರುವುದೇ ಇಲ್ಲವೆನ್ನಬಹುದು. ಕೀಲುಗಳ ರುಮಟಾಯ್ಡ್ ಸಂಧಿವಾತ ನಡುವಯಸ್ಸಿನಿಂದ ಮೇಲಕ್ಕೆ ಹೆಚ್ಚು. (ಮುದುಕರ ಮೊಣಕಾಲು ನೋವಿನಲ್ಲಿ ಹೆಚ್ಚಿನ ಪಾಲು ಕೀಲಿನ ಸವೆತದ್ದು, ಅದು ಬೇರೆ.)

ಸೋಂಕು ಮತ್ತು ಸ್ವದೇಹದ್ರೋಹ ಇವೆರಡೂ ಒಂದೇ ಗಂಟಿನಲ್ಲಿ ಕೂಡಿರುವುದನ್ನು ತೋರಿಸಿದ ಒಂದು ಶೋಧವನ್ನು ಇಲ್ಲಿ ಹೇಳಲೇಬೇಕು. ವಿಷಾಣು ಹೊಕ್ಕ ಜೀವಕಣವು ನೆರೆಹೊರೆಯವರನ್ನು ಎಚ್ಚರಿಸಲು ಇಂಟರ್‌ಫೆರಾನ್ ಎಂಬ ವಸ್ತುವನ್ನು ಸೂಸುತ್ತದೆ. ಡಂಗುರ ಸಾರಿದಂತೆ. ಕೋವಿಡಿನಿಂದ ತೀವ್ರವಾಗಿ ನರಳಿದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರ ರಕ್ತದಲ್ಲಿ ಈ ಇಂಟರ್‌ಫೆರಾನನ್ನೇ ಹಿಡಿದು ಕಟ್ಟುವ ಪ್ರತಿಕಾಯಗಳಿವೆಯೆಂದು 2020ರಲ್ಲಿ ಗೊತ್ತಾಯಿತು. ಅವು ಬೇನೆಯಿಂದ ಹುಟ್ಟಿದವಲ್ಲ, ಮೊದಲೇ ಇದ್ದವು. ಮರುವರ್ಷ ಆರೋಗ್ಯವಂತರನ್ನು ಪರೀಕ್ಷಿಸಿದಾಗ, ಇಂಥ ಪ್ರತಿಕಾಯಗಳು ಎಪ್ಪತ್ತರ ಒಳಗಿನವರಲ್ಲಿ ಅಪರೂಪವೆಂದೂ ಎಪ್ಪತ್ತು ದಾಟಿದ ಮೇಲೆ ಥಟ್ಟನೆ ಹೆಚ್ಚಾಗಿ ನೂರಕ್ಕೆ ನಾಲ್ವರಲ್ಲಿ ಇವೆಯೆಂದೂ ಕಂಡಿತು. ಕೋವಿಡಿನಿಂದಾದ ಸಾವುಗಳಲ್ಲಿ ಐದರಲ್ಲಿ ಒಂದಕ್ಕೆ ಇವುಗಳ ಕೈವಾಡವಿದ್ದಿರಬೇಕೆಂದು ಶೋಧಕರ ಎಣಿಕೆ. ತನ್ನ ಡಂಗುರದವನ ಬಾಯನ್ನು ತಾನೇ ಕಟ್ಟಿದ ಊರಿಗೆ ಕಳ್ಳರು ನುಗ್ಗಿದಂತಾಯಿತು.

ನಮ್ಮ ಜಿಲ್ಲೆಯವರಿಗೆ ಇದರ ಇನ್ನೊಂದು ಮುಖದ ಪರಿಚಯ ಮೊದಲೇ ಆಗಿದೆ. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡು ಮರೆಯಾಗಿದ್ದ ಚಿಕುನ್‌ಗುನ್ಯಾ, 2005ರ ಕೊನೆಯಲ್ಲಿ ದೇಶಕ್ಕೆ ಹಿಂದಿರುಗಿತು. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷ ಸಂಶಯಿತ ರೋಗಿಗಳು ಲೆಕ್ಕಕ್ಕೆ ಬಂದರು. ಆಗ ಗುಲಬರ್ಗಾ ಎನಿಸಿದ್ದ ನಮ್ಮ ಜಿಲ್ಲೆ ಬಹಳವಾಗಿ ನರಳಿದ ಜಿಲ್ಲೆಗಳಲ್ಲಿ ಒಂದು. ‘ಬಾಗಿಸುವುದು’ ಎಂಬರ್ಥದ ಆ ಹೆಸರು ಆಫ್ರಿಕದ ಮಕೊಂಡೆ ಭಾಷೆಯದು. ಜ್ವರ ವಾರದೊಳಗೆ ಇಳಿಯಿತು. ಹುಡುಗರು ಎದ್ದು ಓಡಾಡಿದರು. ನಲವತ್ತು ದಾಟಿದ ಅನೇಕರ ಕೀಲುಗಳು ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಊದಿಕೊಂಡೇ ಇದ್ದವು. ವೈದ್ಯರ ಕಣ್ಣಿಗೆ ಅದು ರುಮಟಾಯ್ಡ್ ಸಂಧಿವಾತದಂತೆಯೇ ಕಾಣುತ್ತಿತ್ತು. ವಿಷಾಣುವಿನ ಅವಶೇಷ ಕೀಲಿನಲ್ಲಿ ಉಳಿಯುವುದೂ, ಅದರ ಮೇಲೆ ಎದ್ದ ಉರಿಯೂತ ಹಗೆ ಹೋದ ಮೇಲೂ ಆರದಿರುವುದೂ ಇದಕ್ಕೆ ಕಾರಣಗಳೆಂದು ಹೇಳುತ್ತಾರೆ. ವಯಸ್ಸಾದವರಲ್ಲಿ ಯುದ್ಧ ಶುರುವಾಗುವುದು ನಿಧಾನ; ನಿಲ್ಲುವುದೂ ನಿಧಾನ.

ಮನೆಯಲ್ಲಿ ಅಜ್ಜ ಅಜ್ಜಿಯರಿರುವ ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಮಾತುಂಟು. ಜ್ವರವೂ ಕಾವಲಿನ ಕಣಗಳು ಎಬ್ಬಿಸುವ ಕಾವೇ ಆಗಿದೆ. ಕಣಗಳು ಮಂಕಾದಾಗ ಕಾವೂ ಮಂಕಾಗುತ್ತದೆ. ಕಠಿಣ ಸೋಂಕಿದ್ದರೂ ವೃದ್ಧರಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಜನರಿಗೆ ಮೈ ಬಿಸಿಯಾಗುವುದಿಲ್ಲ. ಊಟ ಬಿಡುವುದು, ಏಕಾಏಕಿ ತಡಬಡಿಸಿ ಮಾತಾಡುವುದು, ಕಾರಣವಿಲ್ಲದೆ ಜಾರಿ ಬೀಳುವುದು, ಇವೇ ನ್ಯುಮೋನಿಯದ ಮೊದಲ ಗುರುತುಗಳಾಗಬಹುದು. ‘ಜ್ವರವೇನೂ ಇಲ್ಲವಲ್ಲ’ ಎಂದು ವೈದ್ಯರ ಬಳಿಗೆ ಹೋಗದೆ ಕೂಡುವುದು ಅಪಾಯಕರ. ವ್ಯಕ್ತಿಯ ಎಂದಿನ ಉಷ್ಣತೆಗಿಂತ ಒಂದು ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಏರಿದರೆ ಅದನ್ನು ಜ್ವರವೆಂದೇ ಎಣಿಸಬೇಕು.

ಮುದಿಕಣಗಳನ್ನು ಎಚ್ಚರಿಸಲು ಸಾಧ್ಯವೇ? ಸರ್ಪಸುತ್ತಿನ ಲಸಿಕೆಗಳ ಕತೆ ಇದಕ್ಕೆ ಒಂದು ಉತ್ತರ ಕೊಡುತ್ತದೆ. ದುರ್ಬಲಗೊಳಿಸಿದ ಜೀವಂತ ವಿಷಾಣುವಿನ ಮೊದಲನೆಯ ಲಸಿಕೆಯು ಅರವತ್ತರ ಹರೆಯದವರಲ್ಲಿ ನೂರಕ್ಕೆ 64 ಪಾಲು ಬೇನೆಯನ್ನು ತಡೆದರೆ, ಎಪ್ಪತ್ತರವರಲ್ಲಿ 41, ಎಂಬತ್ತು ದಾಟಿದವರಲ್ಲಿ ಬರಿಯ 18 ಪಾಲು ತಡೆಯಿತು. ಲಸಿಕೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದು ಕಡಮೆ ಉಪಯೋಗವಾಯಿತು. ಅನಂತರ ಬಂದ ಲಸಿಕೆಯಲ್ಲಿ ಜೀವಂತ ವಿಷಾಣುವಿಲ್ಲ. ಅದರ ಹೊದಿಕೆಯ ಒಂದು ಪ್ರೋಟೀನು ಮಾತ್ರ ಇದೆ. ಅದರೊಡನೆ ಕಾವಲನ್ನು ಬಡಿದೆಬ್ಬಿಸುವ ಎರಡು ವಸ್ತುಗಳಿವೆ. ಅವುಗಳಲ್ಲೊಂದು ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆದ ಸಪೋನಿನ್. ನಮ್ಮ ಅಂಟುವಾಳಕಾಯಿಯನ್ನು ನೊರೆಗಟ್ಟಿಸುವ ಜಾತಿಯ ವಸ್ತು. ಎರಡು ಸಲ ಚುಚ್ಚಿಸಿಕೊಳ್ಳಬೇಕಾದ ಈ ಲಸಿಕೆ ಎಪ್ಪತ್ತು ದಾಟಿದವರಲ್ಲಿಯೂ ನೂರಕ್ಕೆ ತೊಂಬತ್ತರಷ್ಟು ಬೇನೆಯನ್ನು ತಡೆಯಿತು. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಇದು 2023ರಿಂದ ಭಾರತದಲ್ಲಿಯೂ ದೊರೆಯುತ್ತದೆ. ಒಂದೊಂದು ಚುಚ್ಚುಮದ್ದಿಗೂ ಸಾವಿರಾರು ರೂಪಾಯಿ ಬೆಲೆ. ತೊಗರಿ ಮಾರಿ ಬದುಕುವ ಮನೆಯ ಅಜ್ಜನಿಗೆ ಅದು ಇನ್ನೂ ದೂರವೇ ಇದೆ.